ನಾಳೆ ಬಾ

ನನಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಸ್ಟಾಫ್ ರೂಮಿನಲ್ಲಿ ಈ ಮಾತು ಹೇಳಿದಾಗಲೆಲ್ಲ ಎದುರಿಗಿದ್ದವರು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಮಾಡುವ, ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಕೊಳ್ಳುವ, ಐವತ್ತು ದಾಟಿದ ಹೆಂಗಸಿಗೆ ಭಕ್ತಿಪ್ರಧಾನ ಚಿತ್ರ ಇಷ್ಟವಾಗಬೇಕು. ಹೆಚ್ಚೆಂದರೆ ಅತ್ತೆ-ಸೊಸೆ ಧಾರಾವಾಹಿ. "ಅಯ್ಯೋ ಟೀಚರ್, ರಾತ್ರಿ ನಿದ್ದೆ ಬರುತ್ತದಾ ನಿಮಗೆ?" ಎಂದು ಕೇಳುತ್ತಾರೆ. ಧಾರಾಳವಾಗಿ ಬರುತ್ತದೆ. ನನ್ನ ನಿದ್ದೆ ಕೆಡಿಸುವುದು ಉತ್ತರಪತ್ರಿಕೆಯ ಕಟ್ಟುಗಳು ಮತ್ತು ನಮ್ಮನೆಯವರ ಗೊರಕೆ. ದೆವ್ವಗಳು ಪಾಪ, ನನ್ನ ತಂಟೆಗೆ ಬಂದದ್ದಿಲ್ಲ.

ಹಾಗೆಂದು ಎಲ್ಲ ದೆವ್ವದ ಸಿನಿಮಾಗಳೂ ನನಗಾಗುವುದಿಲ್ಲ. ರಕ್ತ ಚಿಮ್ಮುವುದು, ಗರಗಸ ಹಿಡಿದು ಅಟ್ಟಿಸಿಕೊಂಡು ಬರುವುದು, ಇವನ್ನೆಲ್ಲ ನೋಡಿದರೆ ಹೆದರಿಕೆಗಿಂತ ಹೇಸಿಗೆಯೇ ಹೆಚ್ಚು. ನನಗೆ ಬೇಕಾದದ್ದು ಮನೆಯ ದೆವ್ವ. ಒಂದು ಹಳೆಯ ದೊಡ್ಡ ಮನೆ, ಬೀಗ ಹಾಕಿದ ಒಂದು ಕೋಣೆ, ಮಧ್ಯರಾತ್ರಿ ಒಂದು ಸದ್ದು. ಇಷ್ಟಿದ್ದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿದರೂ ನಾನು ಎದ್ದು ಹೋಗುವವಳಲ್ಲ.

ಈ ಹುಚ್ಚು ಹತ್ತಿಸಿದವಳು ನನ್ನ ಅಕ್ಕ. ‘ನಾ ನಿನ್ನ ಬಿಡಲಾರೆ’ 1979ರಲ್ಲಿ ಬಂದ ಚಿತ್ರ. ಅದು ನಮ್ಮೂರಿನ ಟೆಂಟ್ ಸಿನಿಮಾಕ್ಕೆ ಬರುವ ಹೊತ್ತಿಗೆ ಇನ್ನಷ್ಟು ಕಾಲ ಕಳೆದಿತ್ತು. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಅಮ್ಮನನ್ನು ಕಾಡಿಬೇಡಿ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅನಂತನಾಗ್ ಮೈಮೇಲೆ ಹೆಣ್ಣು ದೆವ್ವ ಬಂದಾಗ ಟೆಂಟಿನೊಳಗಿದ್ದ ಹೆಂಗಸರೆಲ್ಲ "ರಾಘವೇಂದ್ರಾ" ಎಂದು ಕೈಮುಗಿದದ್ದು ನನಗಿನ್ನೂ ನೆನಪಿದೆ. ಮನೆಗೆ ಬರುವ ಒಂದೂವರೆ ಮೈಲಿ ಕತ್ತಲ ದಾರಿಯಲ್ಲಿ ನಾನು ಅಕ್ಕನ ಸೆರಗು ಬಿಡಲಿಲ್ಲ. ಅವಳು ಮಾತ್ರ ಕಾಲುದಾರಿಯುದ್ದಕ್ಕೂ ಆ ಸಿನಿಮಾದ ಹಾಡು ಗುನುಗುತ್ತಾ ನಡೆದಳು. ಆಮೇಲೆ ಕಾಲೇಜಿನ ದಿನಗಳಲ್ಲಿ ಬಾಡಿಗೆ ವಿಸಿಆರ್ ತಂದು ರಾಮ್‌ಸೇ ಸಹೋದರರ ‘ಪುರಾನಾ ಮಂದಿರ್’ ನೋಡಿದ್ದಾಯಿತು. 1993ರಿಂದ ಟೀವಿಯಲ್ಲಿ ‘ಝೀ ಹಾರರ್ ಶೋ’ ಶುರುವಾದಾಗ ಕಂಕುಳಲ್ಲಿ ಮಗು ಇಟ್ಟುಕೊಂಡೇ ನೋಡಿದ್ದಾಯಿತು. 2004ರಲ್ಲಿ ಬಂದ ‘ಆಪ್ತಮಿತ್ರ’ವನ್ನು ಥಿಯೇಟರಿನಲ್ಲೇ ನಾಲ್ಕು ಸಲ ನೋಡಿದ್ದೇನೆ, ಎರಡು ಸಲ ನಮ್ಮನೆಯವರ ಜೊತೆ, ಎರಡು ಸಲ ಅವರಿಗೆ ಹೇಳದೆ.

ಇಷ್ಟು ವರ್ಷ ನೋಡಿದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂದಿದೆ. ಹುಣಸೆಮರದ ದೆವ್ವವಾದರೆ ಆ ದಾರಿಯಲ್ಲಿ ಹೋಗದಿದ್ದರಾಯಿತು. ಮಸಣದ ದೆವ್ವವಾದರೆ ನಮಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಮನೆಯ ದೆವ್ವವನ್ನು ಬಿಟ್ಟು ಹೋಗುವುದೆಲ್ಲಿಗೆ? ಅಲ್ಲೇ ಅನ್ನ ಬೇಯಿಸಬೇಕು, ಅಲ್ಲೇ ಮಲಗಬೇಕು. ಬೆಳಿಗ್ಗೆ ಎದ್ದು ಹೊರಗೆ ಹೋಗುವವರಿಗೆ ಈ ತೊಂದರೆ ಅರ್ಧ ಮಾತ್ರ. ಆದ್ದರಿಂದಲೇ ಇಂಥ ಸಿನಿಮಾಗಳಲ್ಲಿ ಮೊದಲ ಸದ್ದು ಕೇಳಿಸುವುದು ಯಾವಾಗಲೂ ಮನೆಯ ಹೆಂಗಸಿಗೆ. ಅವಳು ಗಂಡನನ್ನು ಎಬ್ಬಿಸುತ್ತಾಳೆ. ಅವನು ಮಗ್ಗುಲಾಗಿ, "ಏನೂ ಇಲ್ಲ, ನಿನ್ನ ಭ್ರಮೆ, ಮಲಗು" ಎನ್ನುತ್ತಾನೆ. ಹಾಲಿವುಡ್ಡಿನಿಂದ ಗಾಂಧಿನಗರದವರೆಗೆ ಈ ಒಂದು ಡೈಲಾಗಿನಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಸಿನಿಮಾ ಮುಗಿಯುವ ಹೊತ್ತಿಗೆ ಆ ಹೆಂಗಸು ಹೇಳಿದ್ದೇ ನಿಜವೆಂದು ಸಾಬೀತಾಗುತ್ತದೆ ನೋಡಿ, ನನ್ನಂಥವರು ದುಡ್ಡು ಕೊಟ್ಟು ನೋಡಲು ಅದೂ ಒಂದು ಕಾರಣವಿರಬೇಕು.

ನಿಮಗೆ ‘ನಾಳೆ ಬಾ’ ನೆನಪಿರಬಹುದು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ನಮ್ಮಂಥ ಸಣ್ಣ ಊರುಗಳವರೆಗೆ ಆ ಸುದ್ದಿ ಹಬ್ಬಿತ್ತು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ, ಅಮ್ಮನದೋ ಅಕ್ಕನದೋ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆಗೆದವರ ಕಥೆ ಮುಗಿಯಿತು ಎಂದು. ಅದಕ್ಕೆ ಜನ ಕಂಡುಕೊಂಡ ಉಪಾಯವೆಂದರೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಶಾಲೆಯ ಚಾಕ್‌ಪೀಸ್ ಡಬ್ಬಿ ವಾರದೊಳಗೆ ಬರಿದಾಗುತ್ತಿತ್ತು. ಮಕ್ಕಳೆಲ್ಲ ಮನೆಬಾಗಿಲಿಗೆ ಬರೆಯಲು ಕದ್ದೊಯ್ಯುತ್ತಿದ್ದರು. ಒಬ್ಬ ಹುಡುಗ ‘ನಾಳೆ ಭಾ’ ಎಂದು ಬರೆದಿದ್ದನೆಂದು ತಿಳಿದು, ತಪ್ಪು ಕಾಗುಣಿತಕ್ಕೆ ದೆವ್ವ ಒಳಗೆ ಬಂದರೆ ನಾನು ಹೊಣೆಯಲ್ಲ ಎಂದು ಗದರಿಸಿ ತಿದ್ದಿಸಿದ್ದೆ. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಬಂದಾಗ ಅದರಲ್ಲೂ ಗೋಡೆಗಳ ಮೇಲೆ ಇದೇ ಬರಹ ನೋಡಿ ಖುಷಿಪಟ್ಟೆ.

ಆಗ ನಗುವ ವಿಷಯವಾಗಿದ್ದ ಆ ‘ನಾಳೆ ಬಾ’ ಈಚೆಗೆ ನನಗೆ ಬೇರೆ ರೀತಿ ಕಾಣತೊಡಗಿದೆ. ಅದಕ್ಕೆ ಕಾರಣವಾದದ್ದು ‘ದಿ ಹಾಂಟಿಂಗ್’ ಎಂಬ ಒಂದು ಇಂಗ್ಲಿಷ್ ಸಿನಿಮಾ.

ಇದು 1963ರ ಕಪ್ಪು-ಬಿಳುಪು ಚಿತ್ರ. ನನ್ನ ಹುಚ್ಚು ಬಲ್ಲ ಮಗ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು, "ಅಮ್ಮಾ, ಇದರಲ್ಲಿ ಒಂದು ದೆವ್ವವೂ ಕಾಣೋದಿಲ್ಲ, ಆಮೇಲೆ ನನ್ನನ್ನು ಬೈಯಬೇಡ" ಎಂದಿದ್ದ. ನಿರ್ದೇಶಕ ರಾಬರ್ಟ್ ವೈಸ್. ಹೆಸರು ಕೇಳಿಲ್ಲವೆನ್ನುವಿರೇನೋ, ಆದರೆ ಅವರ ಇನ್ನೊಂದು ಸಿನಿಮಾ ನಿಮಗೆ ಖಂಡಿತ ಗೊತ್ತು. ಎರಡು ವರ್ಷಗಳ ನಂತರ, 1965ರಲ್ಲಿ, ‘ದಿ ಸೌಂಡ್ ಆಫ್ ಮ್ಯೂಸಿಕ್’ ತೆಗೆದವರು ಇವರೇ. ಬೆಟ್ಟದ ಮೇಲೆ ಮಕ್ಕಳ ಕೈಹಿಡಿದು ಹಾಡಿಸಿದ ಮನುಷ್ಯ ಅದಕ್ಕೆ ಮೊದಲು ನಮ್ಮನ್ನು ಇಂಥ ಮನೆಯೊಳಗೆ ಕೂಡಿಹಾಕಿದ್ದ ಎಂದರೆ ನಂಬುವುದೇ ಕಷ್ಟ.

ಕಥೆ ಸರಳ. ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಹಿಲ್ ಹೌಸ್ ಎಂಬ ತೊಂಬತ್ತು ವರ್ಷದ ಮನೆ. ಕಟ್ಟಿಸಿದವನ ಮೊದಲ ಹೆಂಡತಿ ಆ ಮನೆಯನ್ನು ಕಣ್ಣಿಂದ ನೋಡುವ ಮೊದಲೇ ಗಾಡಿ ಮರಕ್ಕೆ ಬಡಿದು ಸತ್ತಳು. ಎರಡನೆಯವಳು ಮೆಟ್ಟಿಲಿಂದ ಬಿದ್ದು ಸತ್ತಳು. ಮಗಳು ಅದೇ ಮನೆಯ ಮಕ್ಕಳ ಕೋಣೆಯಲ್ಲಿ ಬೆಳೆದು, ಅಲ್ಲೇ ಮುದುಕಿಯಾಗಿ ಹಾಸಿಗೆ ಹಿಡಿದಳು. ಅವಳು ಸಾಯುವಾಗ ಸಹಾಯಕ್ಕಾಗಿ ಕೋಲಿನಿಂದ ಗೋಡೆ ತಟ್ಟಿದಳು. ನೋಡಿಕೊಳ್ಳಲೆಂದು ಇಟ್ಟುಕೊಂಡಿದ್ದ ಹೆಂಗಸು ಬರಲಿಲ್ಲ. ಇಂಥ ಮನೆಯಲ್ಲಿ ದೆವ್ವವಿದೆಯೋ ಇಲ್ಲವೋ ಪರೀಕ್ಷಿಸಲು ಒಬ್ಬ ಸಂಶೋಧಕ ಕೆಲವರನ್ನು ಕರೆಸುತ್ತಾನೆ. ಅವರಲ್ಲಿ ಒಬ್ಬಳು ಎಲಿನೋರ್. ಜೂಲಿ ಹ್ಯಾರಿಸ್ ಎಂಬ ನಟಿಯ ಪಾತ್ರ.

ಮಗ ಹೇಳಿದ್ದು ನಿಜ, ಸಿನಿಮಾ ಮುಗಿಯುವವರೆಗೂ ದೆವ್ವ ಕಾಣುವುದಿಲ್ಲ. ರಾತ್ರಿ ದಢ್ ದಢ್ ಎಂದು ಸದ್ದು ಓಣಿಯುದ್ದಕ್ಕೂ ನಡೆದು ಬರುತ್ತದೆ, ಬಾಗಿಲಿನ ಮುಂದೆ ನಿಲ್ಲುತ್ತದೆ. ಇನ್ನೊಂದು ರಾತ್ರಿ ಮುಚ್ಚಿದ ದಪ್ಪ ಮರದ ಬಾಗಿಲು ಉಸಿರೆಳೆದುಕೊಂಡಂತೆ ಒಳಗೆ ಉಬ್ಬುತ್ತದೆ. ಅಷ್ಟೇ. ಆ ಬಾಗಿಲನ್ನು ತೆಳು ಪದರಗಳ ಮರದಿಂದ ಮಾಡಿ, ಆಚೆಯಿಂದ ಮನುಷ್ಯರೇ ನೂಕಿದ್ದರಂತೆ! ಕ್ಯಾಮರಾಕ್ಕೆ ಪನಾವಿಷನ್ ಕಂಪೆನಿಯವರು ಇನ್ನೂ ಪೂರ್ತಿ ಸಿದ್ಧವಾಗದ ಒಂದು ಲೆನ್ಸನ್ನು, ಚಿತ್ರ ಸೊಟ್ಟಗೆ ಬಂದೀತೆಂದು ಮೊದಲೇ ಒಪ್ಪಿಗೆ ಬರೆಸಿಕೊಂಡು ಕೊಟ್ಟಿದ್ದರು. ವೈಸ್‌ಗೆ ಬೇಕಾದದ್ದೂ ಆ ಸೊಟ್ಟತನವೇ. ಹೊರಗಿನಿಂದ ಕಾಣುವ ಮನೆ ಇಂಗ್ಲೆಂಡಿನ ಎಟಿಂಗ್‌ಟನ್ ಪಾರ್ಕ್. ಆಮೇಲೆ ಅದು ಹೋಟೆಲಾಯಿತು. ಇದೇ ಕಥೆಯನ್ನು 1999ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸುರಿದು ಮತ್ತೊಮ್ಮೆ ತೆಗೆದರು. ಅದರಲ್ಲಿ ದೆವ್ವ ಚೆನ್ನಾಗಿ ಕಾಣುತ್ತದೆ. ಆದ್ದರಿಂದಲೇ ಹೆದರಿಕೆಯಾಗುವುದಿಲ್ಲ. ಅಟ್ಟದ ಮೇಲೆ ಸದ್ದಾದರೆ ಎದೆ ಹಾರುತ್ತದೆ; ಟಾರ್ಚ್ ಹಾಕಿ ಹೆಗ್ಗಣವೆಂದು ಕಂಡರೆ ಬರುವುದು ಸಿಟ್ಟು ಮಾತ್ರ.

ಸಿನಿಮಾಕ್ಕೆ ಆಧಾರವಾದದ್ದು ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿ. ಈಕೆ ನಾಲ್ಕು ಮಕ್ಕಳ ತಾಯಿ. ಅಡುಗೆ, ಬಟ್ಟೆ, ಮಕ್ಕಳ ಜ್ವರ, ಇವುಗಳ ನಡುವೆ ಹೊತ್ತು ಹೊಂಚಿ ಬರೆದವರು. ಮನೆವಾರ್ತೆಯ ಬಗ್ಗೆ ಅವರದೇ ಒಂದು ನಗೆಬರಹದ ಪುಸ್ತಕವಿದೆ. ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಗುಮಾಸ್ತೆ ವೃತ್ತಿ ಏನೆಂದು ಕೇಳಿದಳಂತೆ. ಇವರು ಬರಹಗಾರ್ತಿ ಎಂದರೆ, ಆಕೆ ಗೃಹಿಣಿ ಎಂದೇ ಬರೆದುಕೊಳ್ಳುತ್ತೇನೆ ಎಂದಳಂತೆ. 1965ರಲ್ಲಿ, ನಲವತ್ತೆಂಟನೆಯ ವಯಸ್ಸಿಗೆ, ಶರ್ಲಿ ತೀರಿಕೊಂಡರು. ದೆವ್ವದ ಮನೆಯ ಕಥೆಯನ್ನು ಇಷ್ಟು ಚೆನ್ನಾಗಿ ಬರೆದವರು ದಿನಕ್ಕೆ ಮೂರು ಹೊತ್ತು ಅದೇ ಮನೆಯ ಪಾತ್ರೆ ತೊಳೆದವರು ಎಂಬುದು ನನಗೇನೂ ಆಶ್ಚರ್ಯವಲ್ಲ.

ಈಗ ಎಲಿನೋರಳ ವಿಷಯಕ್ಕೆ ಬರುತ್ತೇನೆ. ಅವಳಿಗೆ ಮದುವೆಯಾಗಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದಾಳೆ. ತಾಯಿ ಏನು ಬೇಕಾದರೂ ಗೋಡೆ ತಟ್ಟಿ ಕರೆಯುತ್ತಿದ್ದಳು. ಕೊನೆಯ ರಾತ್ರಿ ತಟ್ಟಿದಾಗ ಎಲಿನೋರ್ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ತಾಯಿ ಇಲ್ಲ. ಅಂದಿನಿಂದ ಅವಳು ತಂಗಿಯ ಮನೆಯ ಹಾಲಿನಲ್ಲಿ ಸೋಫಾದ ಮೇಲೆ ಮಲಗುತ್ತಾಳೆ. ಅರ್ಧ ಹಣ ತಾನೇ ಕೊಟ್ಟ ಕಾರನ್ನು ಕೂಡ ಕೇಳಿ ಪಡೆಯಬೇಕು, ಕೇಳಿದರೆ ಕೊಡುವುದಿಲ್ಲ. ಹಿಲ್ ಹೌಸಿಗೆ ಬಂದ ಮೊದಲ ರಾತ್ರಿ ಆ ಭಯಂಕರ ಸದ್ದು ಶುರುವಾದಾಗ ಅವಳು ಅರೆನಿದ್ದೆಯಲ್ಲಿ ಏನೆಂದುಕೊಂಡು ಏಳುತ್ತಾಳೆ ಗೊತ್ತೇ? ಅಮ್ಮ ಗೋಡೆ ತಟ್ಟುತ್ತಿದ್ದಾಳೆ ಎಂದು. ಬಂದೆ ಅಮ್ಮಾ ಎನ್ನುತ್ತಲೇ ಎದ್ದು ಕೂರುತ್ತಾಳೆ. ನನಗೆ ಮೈ ಜುಮ್ಮೆಂದದ್ದು ಆ ಉಬ್ಬುವ ಬಾಗಿಲಿಗಲ್ಲ, ಈ ಒಂದು ಮಾತಿಗೆ.

ಯಾಕೆಂದರೆ ನನಗೆ ಅಂಥವಳೊಬ್ಬಳು ಗೊತ್ತು. ಕತ್ತಲ ದಾರಿಯಲ್ಲಿ ಹಾಡು ಗುನುಗುತ್ತಾ ನನ್ನನ್ನು ಮನೆಗೆ ಕರೆತಂದ ಅದೇ ಅಕ್ಕ.

ಅಪ್ಪ ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತಾರು. ಜಾತಕ ಒಂದೆರಡು ಕಡೆ ಹೋಗಿ ಹಿಂದಿರುಗಿತು. ಅಣ್ಣನ ಓದು, ತಮ್ಮನ ಓದು, ನನ್ನ ಬಿ.ಎಡ್., ನನ್ನ ಮದುವೆ, ಒಂದರ ಹಿಂದೆ ಒಂದು ನಡೆದವು, ಅವಳದು ನಡೆಯಲಿಲ್ಲ. ತೋಟದ ಲೆಕ್ಕ, ಕೊಟ್ಟಿಗೆ, ಬಂದುಹೋಗುವವರ ಊಟ ಅವಳ ಪಾಲಿಗೆ ಬಂದವು. ಅಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಒಂಬತ್ತು ವರ್ಷ ನೋಡಿಕೊಂಡವಳೂ ಅವಳೇ. ಅಮ್ಮನಿಗೆ ಮಾತು ಬಿದ್ದುಹೋಗಿತ್ತು. ಏನು ಬೇಕಾದರೂ ಹಿತ್ತಾಳೆ ಲೋಟದಿಂದ ಮಂಚದ ಕಾಲಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಅಷ್ಟು ವರ್ಷದಲ್ಲಿ ಅಮ್ಮನಿಗೆ ಒಂದು ಬೆನ್ನುಹುಣ್ಣು ಆಗಲಿಲ್ಲವೆಂದು ಡಾಕ್ಟರೇ ಹೇಳುತ್ತಿದ್ದರು.

ಅಮ್ಮ ಹೋದರು. ಅದಾಗಿ ಕೆಲವು ತಿಂಗಳಿಗೆ, ರಾತ್ರಿ ಎರಡು ಗಂಟೆಗೆ ಈಗಲೂ ಲೋಟದ ಸದ್ದು ಕೇಳುತ್ತದೆ, ಎಚ್ಚರವಾಗುತ್ತದೆ ಎಂದು ಅಕ್ಕ ಪಕ್ಕದ ಮನೆಯವರ ಹತ್ತಿರ ಹೇಳಿದಳು. ಊರಿಗೆ ಅಷ್ಟು ಸಾಕಲ್ಲ. ಮುದುಕಿಯ ಜೀವ ಹೋಗಿಲ್ಲ, ಮನೆಯಲ್ಲೇ ಸುಳಿದಾಡುತ್ತಿದೆ ಎಂದರು. ಪ್ರಶ್ನೆ ಇಡಿಸಿ ಎಂದರು, ಶಾಂತಿ ಮಾಡಿಸಿ ಎಂದರು. ಸರಿಯಾಗಿ ಅದೇ ಹೊತ್ತಿಗೆ ಅಣ್ಣ ಮನೆ ಮತ್ತು ತೋಟ ಮಾರುವ ಮಾತು ತೆಗೆದಿದ್ದ. ನೋಡಲು ಬಂದ ಪಾರ್ಟಿಯವರ ಕಿವಿಗೂ ಲೋಟದ ಸದ್ದು ಬಿದ್ದು, ಅವರು ಕೇಳಿದ ರೇಟಿನಲ್ಲಿ ಒಂದಿಷ್ಟು ಲಕ್ಷ ಇಳಿಯಿತು. ದೆವ್ವಕ್ಕೆ ಇಷ್ಟೊಂದು ಬೆಲೆಯೆಂದು ನನಗೆ ಆಗಲೇ ಗೊತ್ತಾದದ್ದು. ಅಣ್ಣನಿಗೆ ಅಕ್ಕನ ಮೇಲೆ ಕೆಂಡದಂಥ ಸಿಟ್ಟು. "ಊರಿಗೆಲ್ಲ ಡಂಗುರ ಹೊಡೆಯೋಕೆ ಹೇಳಿದವರ್ಯಾರು ನಿಂಗೆ?" ಎಂದ.

ಮಾರಿದ ಮೇಲೆ ಅಕ್ಕನ ವ್ಯವಸ್ಥೆಯೂ ಆಗಿತ್ತೆನ್ನಿ. ಅಣ್ಣ, ತಮ್ಮ, ನಾನು, ಮೂವರ ಮನೆಯಲ್ಲೂ ನಾಲ್ಕು ನಾಲ್ಕು ತಿಂಗಳು. ವರ್ಷಕ್ಕೆ ಹನ್ನೆರಡು ತಿಂಗಳು, ಲೆಕ್ಕ ಸರಿಯಾಗಿತ್ತು. ಅವಳ ಪಾಲಿನ ಹಣ ಬ್ಯಾಂಕಿನಲ್ಲಿ. ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರಲ್ಲಿ ಕಾನೂನು ತಿದ್ದುಪಡಿಯಾದದ್ದನ್ನು ಮಕ್ಕಳಿಗೆ ಪಾಠದಲ್ಲಿ ಹೇಳುವವಳು ನಾನು. ಕಾಗದದ ಮೇಲೆ ಅಣ್ಣನ ಯೋಜನೆಯಲ್ಲಿ ಯಾವ ಅನ್ಯಾಯವೂ ಇರಲಿಲ್ಲ. ಅಕ್ಕ ಏನೂ ಹೇಳಲಿಲ್ಲ. "ಏನಂತೀಯೇ?" ಎಂದು ಕೇಳಿದರೆ, "ನಂದೆಂತ ಇದೆ, ನೀವೆಲ್ಲ ಸೇರಿ ಮಾಡಿ" ಎಂದು ಅಡಿಕೆ ಸುಲಿಯಲು ಕೂರುತ್ತಿದ್ದಳು.

ಆ ವರ್ಷದ ದಸರಾ ರಜೆಯಲ್ಲಿ ಊರಿಗೆ ಹೋದಾಗ ಮಗನ ಲ್ಯಾಪ್‌ಟಾಪೂ ನನ್ನ ಜೊತೆಯಿತ್ತು. ಹೊರಗೆ ಹಿಂಗಾರು ಮಳೆ, ಕರೆಂಟು ಎಂದಿನಂತೆ ಇಲ್ಲ, ಬ್ಯಾಟರಿ ಮಾತ್ರ ತುಂಬಿತ್ತು. ನಡುಮನೆಯಲ್ಲಿ ಕಂಬಳಿ ಹೊದ್ದು ಇಬ್ಬರೂ ‘ದಿ ಹಾಂಟಿಂಗ್’ ನೋಡಲು ಕೂತೆವು. ಅಕ್ಕನಿಗೆ ಇಂಗ್ಲಿಷ್ ಬಾರದೆಂದು ನಾನು ಕನ್ನಡದಲ್ಲಿ ಹೇಳುತ್ತಾ ಹೋದರೆ, ಸ್ವಲ್ಪ ಹೊತ್ತಿಗೆ, "ನೀ ಸುಮ್ನಿರೆ ಮಾರಾಯ್ತಿ, ನಂಗೆ ಗೊತ್ತಾಗ್ತದೆ" ಎಂದಳು. ದಢ್ ದಢ್ ಸದ್ದಿಗೆ ನಾನು ಅವಳ ತೋಳು ಹಿಡಿದುಕೊಂಡೆ. ಅವಳು ಅಡಿಕೆ ಹೋಳು ಅಗಿಯುತ್ತಾ ಕೂತಿದ್ದಳು. ಬಾಗಿಲು ಉಬ್ಬಿದಾಗ, "ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆ ಬಾಗಿಲೂ ಹೀಗೇ" ಎಂದಳು. ಇಂಥವರ ಜೊತೆ ದೆವ್ವದ ಸಿನಿಮಾ ನೋಡಬಾರದು ನೋಡಿ.

ಸಿನಿಮಾದ ಕೊನೆಯಲ್ಲಿ ಎಲ್ಲರೂ ಎಲಿನೋರಳನ್ನು ಮನೆ ಬಿಟ್ಟು ಹೋಗು ಎನ್ನುತ್ತಾರೆ. ಅವಳು ಹೋಗಲೊಲ್ಲಳು, ನನಗೆ ಹೋಗಲು ಬೇರೆ ಜಾಗವಿಲ್ಲ ಎನ್ನುತ್ತಾಳೆ. ಬಲವಂತವಾಗಿ ಕಾರು ಹತ್ತಿಸುತ್ತಾರೆ. ಆ ಮನೆಯ ಮೊದಲ ಹೆಂಡತಿ ಸತ್ತಿದ್ದಳಲ್ಲ, ಅದೇ ಮರಕ್ಕೆ ಕಾರು ಬಡಿಯುತ್ತದೆ.

ಮುಗಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ದೆವ್ವ ಗಿವ್ವ ಎಂತ ಇಲ್ಲ ಕಣೆ ಅದ್ರಲ್ಲಿ. ಆ ಹುಡುಗಿಗೆ ತಂದು ಅಂತ ಒಂದು ಕೋಣೆ ಇಲ್ಲ, ಅಷ್ಟೇ. ತಂಗಿ ಮನೆ ಹಾಲಲ್ಲಿ ಎಷ್ಟು ದಿನ ಅಂತ ಮಲಗ್ತಾಳೆ ಹೇಳು?"

ನಾನು ಅವಳ ಮುಖ ನೋಡಿದೆ. ಲೋಟದ ಸದ್ದಿನ ವಿಷಯ ಕೇಳಿದ್ದಕ್ಕೆ ನಕ್ಕುಬಿಟ್ಟಳು. "ಅಮ್ಮನ ದೆವ್ವ ಅಂತ ನಾ ಯಾವಾಗ ಹೇಳ್ದೆ? ಎಚ್ಚರ ಆಗ್ತದೆ ಅಂದೆ. ಒಂಬತ್ತು ವರ್ಷ ಎದ್ದು ಅಭ್ಯಾಸ. ಎದ್ದು ಒಂದು ಲೋಟ ನೀರು ಕುಡಿದು ಮಲಗ್ತೆ. ಹೆದರಿಕೆ ಎಂತಕ್ಕೆ? ನಮ್ಮ ಮನೆ ಅಲ್ವಾ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಂಚಿನ ಮಾಡು, ಮರದ ಜಂತಿಗಳು ಹಗಲಿನ ಬಿಸಿಗೆ ಹಿಗ್ಗಿ ರಾತ್ರಿ ತಂಪಿಗೆ ಕುಗ್ಗುವಾಗ ಲಟ್ ಎನ್ನುತ್ತವೆಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳುತ್ತಿರುತ್ತಾರೆ. ಆ ಸದ್ದನ್ನೆಲ್ಲ ಕೇಳುತ್ತಾ ಮಲಗಿದ್ದೆ. ಎರಡು ಗಂಟೆಗೆ ಸರಿಯಾಗಿ ಅಕ್ಕ ಎದ್ದಳು. ಕತ್ತಲಲ್ಲೇ, ಗೋಡೆ ಮುಟ್ಟದೆ, ಒಂದು ಕಡೆಯೂ ಎಡವದೆ ಅಡುಗೆಮನೆಗೆ ಹೋಗಿ, ನೀರು ಕುಡಿದು ಬಂದು ಮಲಗಿದಳು. ಐದು ನಿಮಿಷಕ್ಕೆ ಅವಳಿಗೆ ನಿದ್ದೆ. ನಮ್ಮ ಮೂವರ ಮನೆಗಳಲ್ಲಿ, ನಾಲ್ಕು ನಾಲ್ಕು ತಿಂಗಳಿಗೊಮ್ಮೆ, ಅವಳು ಇದೇ ಎರಡು ಗಂಟೆಗೆ ಎದ್ದು ಯಾರಿಗೂ ಸದ್ದಾಗದಂತೆ ಸ್ವಿಚ್ಚು ಹುಡುಕುವುದನ್ನು ಕಣ್ಣಮುಂದೆ ತಂದುಕೊಂಡೆ. ಸತ್ತ ಮೇಲೆ ದೆವ್ವವಾಗುವುದಕ್ಕೆ ಪುರಾಣಗಳಲ್ಲಿ ಕಾರಣಗಳಿವೆ. ಬದುಕಿರುವಾಗಲೇ ಒಂದು ಹೆಣ್ಣುಜೀವವನ್ನು ಹಾಗೆ ಮನೆಯಿಂದ ಮನೆಗೆ ಸುಳಿದಾಡಿಸಲು ಒಂದು ಕ್ರಯಪತ್ರ ಸಾಕು.

ಹೀಗಿರುವಾಗ ‘ಆಪ್ತಮಿತ್ರ’ವನ್ನು ಮತ್ತೊಮ್ಮೆ ನೋಡಬೇಕೆನಿಸಿತು. ಮೊದಲ ಸಲ ನೋಡಿದಾಗಲೇ ಒಂದು ಸಂಕಟವಿತ್ತು. ಸೌಂದರ್ಯ ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಇಲ್ಲದವಳು ಪರದೆಯ ಮೇಲೆ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದರೆ ಥಿಯೇಟರಿನಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಕಥೆ 1993ರ ಮಲಯಾಳದ ‘ಮಣಿಚಿತ್ರತಾಳ್’ನಿಂದ ಬಂದದ್ದು; ಅದರಲ್ಲಿ ಈ ಪಾತ್ರ ಮಾಡಿದ ಶೋಭನಾಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಈ ಸಲ ನೋಡುವಾಗ ನಾಗವಲ್ಲಿಯ ಕುಣಿತಕ್ಕಿಂತ ಅವಳ ಸುತ್ತ ನಿಂತವರ ಕಡೆಗೆ ನನ್ನ ಗಮನ ಹೋಯಿತು. ಗಂಗಾಳಿಗೆ ಕಾಯಿಲೆಯೆಂದು ತಿಳಿದ ಮೇಲೆ ವಿಷ್ಣುವರ್ಧನ್ ಮಾಡಿದ ಮನೋವೈದ್ಯ, ಅವಿನಾಶ್ ಮಾಡಿದ ಆಚಾರ್ಯರು, ಗಂಡ, ಮನೆಮಂದಿ, ಎಲ್ಲರೂ ಒಟ್ಟಾಗುತ್ತಾರೆ. ವೈದ್ಯ ಮತ್ತು ಮಾಂತ್ರಿಕ ಜಗಳವಾಡದೆ ಒಂದೇ ಕೆಲಸಕ್ಕೆ ಕೈಹಚ್ಚುತ್ತಾರೆ. ಅವಳೊಳಗಿನ ನಾಗವಲ್ಲಿಗೆ ಏನು ಬೇಕೆಂದು ಕೇಳಿ, ರಾಜನ ಬದಲು ಗೊಂಬೆಯೊಂದನ್ನು ಮುಂದಿಟ್ಟಾದರೂ ಅದನ್ನು ಕೊಡುತ್ತಾರೆ. ಗಂಗಾ ಬದುಕುತ್ತಾಳೆ. ಎಲಿನೋರಳ ಸುತ್ತಲೂ ಜನರಿದ್ದರು, ಸಂಶೋಧಕನೂ ಇದ್ದ. ಮನೆಯಲ್ಲಿ ದೆವ್ವವಿದೆಯೋ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರೇ ಹೊರತು, ನಿನಗೆ ಏನು ಬೇಕಮ್ಮಾ ಎಂದು ಅವಳನ್ನು ಯಾರೂ ಕೂತು ಕೇಳಲಿಲ್ಲ.

ದೆವ್ವದ ಮನೆಯ ಸಿನಿಮಾಗಳು ನನಗೇಕೆ ಇಷ್ಟ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ ಎಂದುಕೊಂಡಿದ್ದೇನೆ. ಬೇರೆ ಯಾವ ಕಥೆಯಲ್ಲೂ ಮನೆಯೊಳಗಿನ ಸಣ್ಣ ಸದ್ದಿಗೆ ಇಷ್ಟು ಬೆಲೆಯಿಲ್ಲ. ಯಾರೋ ಗೋಡೆ ತಟ್ಟಿದರು, ಏಕೆ ತಟ್ಟಿದರು, ಯಾರು ಹೋಗಿ ನೋಡಲಿಲ್ಲ, ಇದರ ಲೆಕ್ಕ ಅಲ್ಲಿ ತೊಂಬತ್ತು ವರ್ಷವಾದರೂ ತೀರುವುದಿಲ್ಲ. ನಮ್ಮ ಮನೆಗಳಲ್ಲಿ ಗೋಡೆ ತಟ್ಟದೆ, ಲೋಟ ಬಡಿಯದೆ, "ನಂದೆಂತ ಇದೆ" ಎಂದು ಅಡಿಕೆ ಸುಲಿಯುತ್ತಾ ಕೂತವರಿರುತ್ತಾರೆ. ಅವರ ಬಾಗಿಲಿಗೆ ನಾವು ಬರೆಯುವುದು ಎರಡೇ ಮಾತು. ಮಕ್ಕಳ ಓದು ಮುಗಿಯಲಿ, ತಂಗಿಯ ಮದುವೆಯಾಗಲಿ, ಅಮ್ಮನದೊಂದು ಆಗಲಿ, ಆಮೇಲೆ ನಿನ್ನದು ನೋಡೋಣ. ನಾಳೆ ಬಾ. ಮರುದಿನ ಬಂದರೂ ಬಾಗಿಲ ಮೇಲೆ ಅದೇ ಬರಹ. ದೆವ್ವವಾದರೆ ಓದಿಕೊಂಡು ಹೋಗಲಿ ಬಿಡಿ. ನಮ್ಮವರೇ, ನಮ್ಮ ಹೆಸರು ಹಿಡಿದೇ ಕರೆದವರಾದರೆ?

ರಜೆ ಮುಗಿಸಿ ಬಂದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅಕ್ಕ ಇರುವವರೆಗೆ ಮನೆ ಮಾರುವುದು ಬೇಡ, ತೋಟ ಬೇಕಾದರೆ ಮಾರೋಣ, ಮನೆ ಮಾರುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದೆ. ಹುಟ್ಟಿದ ಮೇಲೆ ಅಣ್ಣನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು, ಕೈ ನಡುಗುತ್ತಿತ್ತು. "ನಿಂಗೂ ದೆವ್ವ ಹಿಡೀತಾ?" ಎಂದು ಫೋನ್ ಇಟ್ಟ. ಅತ್ತಿಗೆ ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ತಮ್ಮ ಮೊದಲು ಅಣ್ಣನ ಕಡೆಗಿದ್ದವನು, ಹೆಂಡತಿಯೊಡನೆ ಏನು ಮಾತಾಡಿಕೊಂಡನೋ, ಸುಮ್ಮನಾದ. ಪಾರ್ಟಿಯವರು ಬೇರೆ ಕಡೆ ಜಾಗ ನೋಡಿಕೊಂಡರು. ಅವರಿಗೆ ಲೋಟದ ಸದ್ದಿಗಿಂತ ನಮ್ಮ ಮನೆಯ ಜಗಳವೇ ಹೆಚ್ಚು ಹೆದರಿಕೆ ತರಿಸಿರಬೇಕು.

ಈ ಲೆಕ್ಕ ಇನ್ನೂ ಪೂರ್ತಿ ಮುಗಿದಿಲ್ಲ. ಮನೆ ಅಕ್ಕನ ಹೆಸರಿಗೆ ಆಗಿಲ್ಲ. ಆಗಬೇಕೆಂದು ನಾನು ಕೇಳುವುದನ್ನು ಬಿಟ್ಟಿಲ್ಲ. ಕಳೆದ ದೀಪಾವಳಿಗೆ ಅಣ್ಣ ಊರಿಗೆ ಬಂದಿದ್ದ. ಅಕ್ಕ ಮಾಡಿದ ಹೋಳಿಗೆ ತಿಂದು ಜಗಲಿಯಲ್ಲಿ ಅಡ್ಡಾಗಿ ಮಾಡು ನೋಡುತ್ತಾ, "ಆ ಎರಡು ಪಕಾಸಿ ಗೆದ್ದಲು ತಿಂದಿದೆ, ಮಳೆಗಾಲದೊಳಗೆ ಬದಲಿಸಬೇಕು" ಎಂದ. ಯಾರೂ ಏನೂ ಹೇಳಲಿಲ್ಲ. ಪಕಾಸಿ ಬದಲಾಯಿತು.

ಅಕ್ಕ ಮೊನ್ನೆ ಫೋನ್ ಮಾಡಿದ್ದಳು. ಬರುವಾಗ ಲ್ಯಾಪ್‌ಟಾಪು ತರಬೇಕಂತೆ, ಹೊಸದೊಂದು ದೆವ್ವದ ಸಿನಿಮಾ ತರಬೇಕಂತೆ. "ಆದ್ರೆ ನೋಡು, ಇದ್ರಲ್ಲಾದ್ರೂ ಆ ಹುಡುಗಿಯನ್ನ ಮನೆಯಿಂದ ಕಳ್ಸಬಾರ್ದು. ಮೊದ್ಲೇ ನೋಡ್ಕಂಡು ತಾ" ಎಂದಿದ್ದಾಳೆ. ಹುಡುಕುತ್ತಿದ್ದೇನೆ. ನಿಮಗೆ ಅಂಥದ್ದು ಗೊತ್ತಿದ್ದರೆ ಹೇಳಿ.